ರೋಲರಿನ ಓಟ, ರಸ್ತೆಯ ಓಟ

ನಿವೃತ್ತನಾದ ಮೇಲೆ ನನಗೆ ಬರುವ ದೂರವಾಣಿ ಕರೆಗಳಲ್ಲಿ ಹೆಚ್ಚಿನವು ಮದುವೆಯ, ಗೃಹಪ್ರವೇಶದ, ಇಲ್ಲವೇ ಯಾರೋ ಆಸ್ಪತ್ರೆ ಸೇರಿದ ಸುದ್ದಿಯವು. ಕಳೆದ ಚಳಿಗಾಲದಲ್ಲಿ ನನ್ನ ತಂಗಿ ಮಾಡಿದ ಕರೆ ಈ ಯಾವ ಗುಂಪಿಗೂ ಸೇರದು. "ಅಣ್ಣಯ್ಯ, ನಿನ್ನ ಅಳಿಯ ರಾತ್ರಿ ಹನ್ನೊಂದಕ್ಕೆ ಕಾರು ತಗೊಂಡು ಹೋದ್ರೆ ಬರೋದು ಎರಡಕ್ಕೆ. ಎಲ್ಲಿಗೆ ಅಂದ್ರೆ ಟ್ಯೂನಿಂಗ್ ಅಂತಾನೆ. ಸಂಗೀತ ಕಲೀತಿರಬೇಕು ಅಂತ ನಾನು ಮೊದಲು ಸಂತೋಷಪಟ್ಟೆ. ನೀನೊಂದು ಮಾತು ಹೇಳು" ಎಂದಳು.

ಸೋದರಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. 2014ರ ಒಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರನ್ನು ಎರಡನೆಯ ಕೈಯಿಂದ ಕೊಂಡಿದ್ದಾನೆ. ಟರ್ಬೊ ಇರುವ 1.2 ಲೀಟರಿನ ಎಂಜಿನ್ನು. ಕಾರ್ಖಾನೆಯ ಲೆಕ್ಕದಲ್ಲಿ 105 ಅಶ್ವಶಕ್ತಿ. ಅಷ್ಟು ಸಾಲದೆಂದು ಅಂತರ್ಜಾಲದ ಮೂಲಕ ಯಾವುದೋ ದೇಶದಿಂದ ಒಂದು 'ಮ್ಯಾಪ್' ಕೊಂಡು ಕಾರಿನ ಕಂಪ್ಯೂಟರಿಗೆ ತುಂಬಿಸಿ, ಅದನ್ನು ತಿದ್ದಿ ತೀಡಲು ರಾತ್ರಿ ಹೊತ್ತು ಖಾಲಿ ರಸ್ತೆ ಹುಡುಕಿಕೊಂಡು ಹೋಗುತ್ತಿದ್ದ. ನಾನು ಬುದ್ಧಿ ಹೇಳಲೆಂದೇ ಬಸ್ಸು ಹತ್ತಿದೆ. ಆದರೆ ಬುದ್ಧಿ ಹೇಳಬೇಕಾದರೆ ವಿಷಯ ತಿಳಿದಿರಬೇಕಲ್ಲ. ಅವನು ಎರಡೇ ಮಾತಿಗೆ ನನ್ನ ಬಾಯಿ ಕಟ್ಟಿಸಿದ. ಕೊನೆಗೆ, "ಮಾವ, ನಿಮ್ಮ ಹಳೇ ಶಿಷ್ಯರೊಬ್ಬರು ಇದೇ ಕೆಲಸ ಮಾಡ್ತಾರೆ. ಅವರೂ ನಿಮ್ಮ ಹಾಗೇ ಬೈದರು. ಬನ್ನಿ, ಇಬ್ಬರೂ ಸೇರಿ ಬೈಯಿರಿ" ಎಂದು ನಕ್ಕ.

ಆ ಶಿಷ್ಯ ಯಾರೆಂದು ತಿಳಿದಾಗ ನನಗೆ ಒಳಗೊಳಗೇ ಅಳುಕಾಯಿತು. ಕಾರಣವನ್ನು ಆಮೇಲೆ ಹೇಳುತ್ತೇನೆ.

ಟ್ಯೂನಿಂಗ್ ಎಂಬುದಕ್ಕೆ ನಮ್ಮಲ್ಲಿ 'ಶ್ರುತಿ ಕೂಡಿಸುವುದು' ಎಂಬ ಚೆಲುವಾದ ಮಾತಿದೆ. ತಂಗಿಯ ಊಹೆ ತೀರ ತಪ್ಪೇನಲ್ಲ. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಯೆಜ್ಡಿ ಬೈಕುಗಳು ನೆನಪಿರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿತು. ಆ ಮೂವತ್ತೈದು ವರ್ಷಗಳಲ್ಲಿ ನಮ್ಮ ಸೀಮೆಯ ರೇಷ್ಮೆಗೂಡಿನ ವ್ಯಾಪಾರಿಗಳಿಂದ ಹಿಡಿದು ಹಾಲಿನವರ ತನಕ ಅದನ್ನು ಏರದವರು ಕಡಮೆ. ಮಾಗಡಿಯ ಗ್ಯಾರೇಜುಗಳಲ್ಲಿ ಅದರ ಶ್ರುತಿ ಕೂಡಿಸುತ್ತಿದ್ದ ಬಗೆಯನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವುದು, ತಲೆ ವಾರೆ ಮಾಡಿ ಸದ್ದು ಕೇಳುವುದು, ಊರ ಹೊರಗಿನ ತನಕ ಒಂದು ಓಟ ಓಡಿಸಿ ಬಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣ ನೋಡುವುದು. ಕಾಫಿಪುಡಿಯ ಬಣ್ಣವಿದ್ದರೆ ಸರಿ; ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು; ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಕಡಮೆ, ಪಿಸ್ಟನ್ನಿಗೆ ಅಪಾಯ. ರಸ್ತೆಯೇ ಪ್ರಯೋಗಶಾಲೆ, ಕಿವಿಯೂ ಕಣ್ಣೂ ಉಪಕರಣ.

ಈಗಿನ ಕಾರುಗಳಲ್ಲಿ ಸ್ಕ್ರೂ ಇಲ್ಲ. ಅದರ ಜಾಗದಲ್ಲಿ ಒಂದು ಕೋಷ್ಟಕವಿದೆ. ಮಗ್ಗಿಯ ಪುಸ್ತಕವನ್ನು ನೆನೆಯಿರಿ: ಒಂದು ಅಂಚಿನಲ್ಲಿ ಎಂಜಿನ್ನಿನ ವೇಗ, ಇನ್ನೊಂದು ಅಂಚಿನಲ್ಲಿ ಅದರ ಮೇಲೆ ಬಿದ್ದಿರುವ ಹೊರೆ, ಎರಡೂ ಸಂಧಿಸುವ ಮನೆಯಲ್ಲಿ ಒಂದು ಸಂಖ್ಯೆ. ಎಷ್ಟು ಪೆಟ್ರೋಲು ಸಿಂಪಡಿಸಬೇಕು, ಕಿಡಿಯನ್ನು ಎಷ್ಟು ಮುಂಚಿತವಾಗಿ ಹಾರಿಸಬೇಕು ಎಂಬುದನ್ನು ಆ ಸಂಖ್ಯೆಗಳು ತೀರ್ಮಾನಿಸುತ್ತವೆ. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ 1ಕ್ಕೆ 14.7 ಪಾಲು ಗಾಳಿ ಬೇಕು. ಆದರೆ ಗರಿಷ್ಠ ಶಕ್ತಿ ಬೇಕಾದಾಗ ಗಾಳಿಯನ್ನು ಹನ್ನೆರಡೂವರೆಯ ಆಸುಪಾಸಿಗೆ ಇಳಿಸುತ್ತಾರೆ. ಕಿಡಿ ಮುಂಚಿತವಾದಷ್ಟೂ ಒಂದು ಮಿತಿಯ ತನಕ ಬಲ ಏರುತ್ತದೆ. ಮಿತಿ ಮೀರಿದರೆ ಸಿಲಿಂಡರಿನೊಳಗಿನ ಮಿಶ್ರಣ ತಾನೇ ತಾನಾಗಿ ಸಿಡಿದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಈ ಮನೆಗಳಲ್ಲಿನ ಸಂಖ್ಯೆಗಳನ್ನು ತಿದ್ದುವುದೇ ಈಗಿನ ಟ್ಯೂನಿಂಗು. ಎಲ್ಲಿ ನಿಂತು ತಿದ್ದಬೇಕು, ರಸ್ತೆಯಲ್ಲೋ ರೋಲರಿನ ಮೇಲೋ ಎಂಬುದು ನನ್ನ ಅಳಿಯನಿಗೂ ಶಿಷ್ಯನಿಗೂ ನಡೆಯುತ್ತಿದ್ದ ಜಗಳ.

ನಾನು ಹೋದಾಗ ಶಿಷ್ಯ ಗ್ಯಾರೇಜಿನ ಬಾಗಿಲಿಗೇ ಬಂದು, ಗ್ರೀಸು ಮೆತ್ತಿದ ಕೈಯನ್ನು ಹಿಂದಕ್ಕೆ ಹಿಡಿದು ಬಾಗಿ ನಮಸ್ಕರಿಸಿದ. ತಲೆ ಅರ್ಧ ನರೆತಿದೆ. "ಸಾರ್, ಇವತ್ತು ರೋಲರ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡಿದೀನಿ. ನೀವೇ ನೋಡಿ ತೀರ್ಪು ಕೊಡಿ" ಎಂದು ಪಕ್ಕದ ಬೀದಿಯ ಒಂದು ಶೆಡ್ಡಿಗೆ ಕರೆದೊಯ್ದ.

ನೆಲದಲ್ಲಿ ಹೂತಿಟ್ಟ ಎರಡು ದಪ್ಪ ಉಕ್ಕಿನ ಉರುಳೆಗಳು. ಕಾರಿನ ಮುಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ನಾಲ್ಕು ಕಡೆ ಬಿಗಿದು ಕಟ್ಟುತ್ತಾರೆ, ಥೇಟು ಲಾಳ ಕಟ್ಟುವಾಗ ಎತ್ತನ್ನು ಕೆಡವಿ ಬಿಗಿದಂತೆ. ಕಾರು ಓಡುತ್ತದೆ, ಆದರೆ ಅಲುಗುವುದಿಲ್ಲ. ಹಿಂದಿನ ಚಕ್ರ ನಿಂತೇ ಇದ್ದು ಮುಂದಿನದು ಮಾತ್ರ ಸುತ್ತುವುದನ್ನು ಕಂಡು ಕಾರಿನ ಕಂಪ್ಯೂಟರು 'ಜಾರುತ್ತಿದ್ದೇನೆ' ಎಂದು ಗಾಬರಿಗೊಂಡು ಬಲ ಕಡಿಮೆ ಮಾಡುತ್ತದಂತೆ. ಅದಕ್ಕಾಗಿ ಆ ಕಾವಲನ್ನು ಮೊದಲೇ ಬಿಡಿಸಿಟ್ಟಿರುತ್ತಾರೆ.

ಇದರ ತತ್ವ ನಾನು ನಿಮಗೆ ಕಲಿಸಿದ ಪಾಠವೇ. ಫ್ರಾನ್ಸಿನ ಪ್ರೋನಿ ಎಂಬ ಎಂಜಿನಿಯರು 1821ರಲ್ಲೇ ತಿರುಗುವ ದಂಡಕ್ಕೆ ಮರದ ಹಿಡಿಕೆ ಬಿಗಿದು, ಅದನ್ನು ತಡೆದು ನಿಲ್ಲಿಸಲು ಎಷ್ಟು ತೂಕ ಬೇಕೆಂದು ಅಳೆದು ಯಂತ್ರದ ಬಲ ಕಂಡುಹಿಡಿದ. ರೋಲರು ಅದರ ಮೊಮ್ಮಗ. ಒಂದು ಬಗೆಯದರಲ್ಲಿ ಉರುಳೆಯ ಜಡತ್ವ ಮೊದಲೇ ತಿಳಿದಿರುತ್ತದೆ. ಅದು ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಬಲದ ಲೆಕ್ಕ ಸಿಗುತ್ತದೆ. ನ್ಯೂಟನ್ನನ ಎರಡನೆಯ ನಿಯಮ, ಅಷ್ಟೇ. ಇನ್ನೊಂದು ಬಗೆಯದರಲ್ಲಿ ಉರುಳೆಗೆ ವಿದ್ಯುತ್ಕಾಂತದ ತಡೆಯಿರುತ್ತದೆ. ಲೋಹದ ತಟ್ಟೆ ಕಾಂತಕ್ಷೇತ್ರದಲ್ಲಿ ತಿರುಗಿದಾಗ ಅದರೊಳಗೆ ಸುಳಿಪ್ರವಾಹ ಹುಟ್ಟಿ ಚಲನೆಯನ್ನೇ ವಿರೋಧಿಸುತ್ತದಲ್ಲ, ಲೆಂಜನ ನಿಯಮ, ಅದೇ. ಈ ಎರಡನೆಯದರ ಹೆಚ್ಚುಗಾರಿಕೆಯೆಂದರೆ ಎಂಜಿನ್ನನ್ನು ಪೂರ್ಣ ಹೊರೆಯಲ್ಲಿ 3000 ಸುತ್ತಿನಲ್ಲಿ ಕದಲದಂತೆ ಹಿಡಿದು ನಿಲ್ಲಿಸಬಹುದು. ಹಿಡಿದು, ಕೋಷ್ಟಕದ ಅದೊಂದೇ ಮನೆಯನ್ನು ತಿದ್ದಿ, ಮತ್ತೆ ಅಳೆದು, ಮುಂದಿನ ಮನೆಗೆ ಹೋಗಬಹುದು. ಉಳಿದದ್ದನ್ನೆಲ್ಲ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡು ಎಂದು ನಾನು ಮೂವತ್ತು ಚಿಲ್ಲರೆ ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಆ ಶೆಡ್ಡಿನಲ್ಲಿ ಕಣ್ಣಾರೆ ಕಂಡೆ.

ಕೊಂಡುತಂದ ಮ್ಯಾಪಿನಲ್ಲಿ ಕಾರು ಚಕ್ರಗಳ ಬಳಿ 117 ಅಶ್ವಶಕ್ತಿ ತೋರಿತು. ಅಳಿಯ ಹಿಗ್ಗಿದ. ಶಿಷ್ಯ ಮಾತಾಡದೆ ಎಂಜಿನ್ನಿನ ಮೈಗೆ ಸಣ್ಣ ಮೈಕೊಂದನ್ನು ಸಿಕ್ಕಿಸಿ, ಕಿವಿಗೆ ಹಾಕುವ ಹೆಡ್‌ಫೋನನ್ನು ತನ್ನ ಕಿವಿಗೆ ಏರಿಸಿಕೊಂಡು ಇನ್ನೊಮ್ಮೆ ಓಡಿಸಿದ. ಆಮೇಲೆ ಅದನ್ನು ನನ್ನ ತಲೆಗೆ ಹಾಕಿ ಮತ್ತೊಮ್ಮೆ ಓಡಿಸಲು ಹೇಳಿದ. ಎಂಜಿನ್ನಿನ ಮೊರೆತದ ನಡುವೆ, ಬಾಣಲೆಯಲ್ಲಿ ಕಡಲೆ ಸಿಡಿದಂತೆ ಚಟಚಟ ಸದ್ದು.

"ಕೇಳಿಸ್ತಾ ಸಾರ್?"

"ಕೇಳಿಸಿತು" ಎಂದೆ. ನನ್ನ ಗಂಟಲು ಕಟ್ಟಿತು. ಅವನಿಗೆ ಅದರ ಕಾರಣ ಹೊಳೆದಿರಲಾರದು.

ಆ ಮ್ಯಾಪು ಹೊರದೇಶದ 98 ಆಕ್ಟೇನಿನ ಪೆಟ್ರೋಲಿಗೆ ಬರೆದದ್ದು. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿಗೆ ಸಾಕಾಗುವ ಗಾಳಿ 14.7 ಪಾಲಲ್ಲ, 9 ಪಾಲು ಮಾತ್ರ. ಹೀಗೆ ಬೆರಕೆಯಾದಾಗ ಹಳೆಯ ಸಂಖ್ಯೆಗಳೆಲ್ಲ ಅಷ್ಟಷ್ಟು ಸರಿಯಬೇಕು. ಕಿಡಿಯನ್ನು ಹಿಂದಕ್ಕೆ ಸರಿಸಿ, ಪೆಟ್ರೋಲನ್ನು ಹೊಂದಿಸಿ, ಎರಡೂವರೆ ಗಂಟೆ ಕಳೆದ ಮೇಲೆ ಸದ್ದು ನಿಂತಿತು. ಅಂಕೆ 111ಕ್ಕೆ ಇಳಿಯಿತು. ಅಳಿಯನ ಮುಖ ನೋಡಬೇಕಿತ್ತು, ಮರುಮೌಲ್ಯಮಾಪನಕ್ಕೆ ಹಾಕಿ ಆರು ಅಂಕ ಕಳೆದುಕೊಂಡ ಹುಡುಗನಂತೆ.

ಅವನ ವಾದವನ್ನೂ ನ್ಯಾಯವಾಗಿ ಹೇಳಬೇಕು. ರೋಲರಿನ ಮೇಲೆ ಕಾರಿನ ಮುಂದೆ ಒಂದು ಫ್ಯಾನು ಇಡುತ್ತಾರೆ. ಎಷ್ಟೇ ದೊಡ್ಡದಾದರೂ ನೂರು ಕಿಲೋಮೀಟರು ವೇಗದಲ್ಲಿ ಎದುರಿಂದ ಬರುವ ಗಾಳಿಗೆ ಅದು ಸಾಟಿಯಾಗದು. ಟರ್ಬೊ ಕಾರಿಗೆ ಒಳಹೋಗುವ ಗಾಳಿ ತಂಪಾಗಿರುವುದೇ ಜೀವಾಳ. ಶೆಡ್ಡಿನಲ್ಲಿ ನಾಲ್ಕು ಓಟ ಓಡಿಸುವುದರೊಳಗೆ ಅದು ಬಿಸಿಯಾಗಿ ಎಂಜಿನ್ನು ತಾನಾಗಿಯೇ ಮಂಕಾಗುತ್ತದೆ. ಇನ್ನು ಅಂಕೆಯ ಮಾತು. ಒಂದು ರೋಲರಿನಲ್ಲಿ 111 ಬಂದದ್ದು ಇನ್ನೊಂದರಲ್ಲಿ 104 ಬಂದೀತು. ಟಯರಿನಲ್ಲಿ, ಗೇರುಪೆಟ್ಟಿಗೆಯಲ್ಲಿ ಸೋರಿಹೋಗುವುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಸೇರಿಸಿ ಹೇಳುತ್ತಾರೆ. ಅದರ ಮೇಲೆ ನಮ್ಮ ಎತ್ತರದ ತೊಡಕು ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿ ಮದರಾಸಿನ ಗಾಳಿಗಿಂತ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ತೆಳು. ಅದನ್ನು ಸರಿದೂಗಿಸಲು ರೋಲರಿನ ಯಂತ್ರ ಒಂದು ಗುಣಕದಿಂದ ಗುಣಿಸುತ್ತದೆ. ಸಾಧಾರಣ ಎಂಜಿನ್ನಿಗೆ ಅದು ಸರಿ. ಟರ್ಬೊ ಎಂಜಿನ್ನು ತೆಳುಗಾಳಿಯನ್ನು ತಾನೇ ಒತ್ತಿ ತುಂಬಿಕೊಂಡಿರುತ್ತದೆ. ಅದಕ್ಕೆ ಮತ್ತೆ ಗುಣಿಸಿದರೆ ಇಲ್ಲದ ಕುದುರೆಗಳು ಕಾಗದದ ಮೇಲೆ ಕೆನೆಯುತ್ತವೆ. ಕೃಪಾಂಕ ಬೇಕಿಲ್ಲದವನಿಗೂ ಕೃಪಾಂಕ ಕೊಟ್ಟಂತೆ.

"ರೋಲರ್ ಮೇಲೆ ಯಾರು ಜೀವನ ಮಾಡ್ತಾರೆ ಮಾವ? ಕಾರು ಓಡೋದು ರಸ್ತೇಲಿ. ಏರು, ತಿರುವು, ಗಾಳಿ, ಒಮ್ಮೆ ಒತ್ತೋದು ಒಮ್ಮೆ ಬಿಡೋದು ಎಲ್ಲಾ ಅಲ್ಲೇ ಇರೋದು" ಎಂದ ಅಳಿಯ.

"ರೋಲರ್ ಸುಳ್ಳು ಹೇಳಲ್ಲ ಸಾರ್. ಆದ್ರೆ ಎಲ್ಲಾನೂ ಹೇಳಲ್ಲ, ಅದು ನಿಜ. ರಸ್ತೆ ಎಲ್ಲಾನೂ ಹೇಳುತ್ತೆ, ಒಟ್ಟೊಟ್ಟಿಗೆ ಹೇಳುತ್ತೆ. ಯಾವುದು ಯಾವುದರಿಂದ ಆಯ್ತು ಅಂತ ಬಿಡಿಸಕ್ಕಾಗಲ್ಲ" ಎಂದ ಶಿಷ್ಯ.

ನಮ್ಮೂರು ಕಲ್ಯದಲ್ಲಿ 1368ರ ಬುಕ್ಕರಾಯನ ಕಾಲದ ಶಾಸನವಿದೆಯಲ್ಲ, ಶ್ರವಣಬೆಳಗೊಳದಲ್ಲೂ ಇರುವಂಥದ್ದು. ಜೈನರಿಗೂ ಶ್ರೀವೈಷ್ಣವರಿಗೂ ಆದ ವ್ಯಾಜ್ಯದಲ್ಲಿ ದೊರೆ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು ಎರಡಕ್ಕೂ ಭೇದವಿಲ್ಲವೆಂದು ತೀರ್ಪಿತ್ತ ಸಂಗತಿ ಅದರದು. ಆ ಊರಿನವನಾಗಿ ನಾನೂ ಇಬ್ಬರ ಕೈಹಿಡಿಸಿ ಬಿಡೋಣವೆಂದುಕೊಂಡೆ. ಆದರೆ ಇಲ್ಲಿ ಭೇದವಿತ್ತು. ಅದನ್ನು ಮುಚ್ಚಿ ತೀರ್ಪು ಕೊಡುವಂತಿರಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿದೆ. ಲೆಕ್ಕದ ಮೇಷ್ಟರ ಚಾಳಿ. ಕಾರೂ ಕೂತವರೂ ಸೇರಿ 1200 ಕಿಲೋ ಎನ್ನಿ. ರಸ್ತೆ ನೂರು ಅಡಿಗೆ ಒಂದೇ ಅಡಿ ಏರಿದರೂ ಹಿಂದಕ್ಕೆಳೆಯುವ ಬಲ ಸುಮಾರು 118 ನ್ಯೂಟನ್. ಗಂಟೆಗೆ 72 ಕಿಲೋಮೀಟರಿನಲ್ಲಿ, ಎಂದರೆ ಸೆಕೆಂಡಿಗೆ 20 ಮೀಟರಿನಲ್ಲಿ, ಅದಕ್ಕೇ ಮೂರು ಅಶ್ವಶಕ್ತಿ ಖರ್ಚು. ಕಣ್ಣಿಗೆ ಕಾಣದಷ್ಟು ಸಣ್ಣ ಏರು ಮೂರು ಕುದುರೆಗಳನ್ನು ನುಂಗಿದರೆ, ಒಂದು ಸಲದ ಓಟಕ್ಕೂ ಇನ್ನೊಂದಕ್ಕೂ ತಾಳೆ ನೋಡುವುದು ಹೇಗೆ? ಎದುರುಗಾಳಿಯ ಮಾತು ಬಿಡಿ. ಇನ್ನು ಮೂರನೆಯ ಗೇರಿನಲ್ಲಿ ಪೂರ್ಣ ಶಕ್ತಿಯ ಕೋಷ್ಟಕ ಮುಟ್ಟುವಷ್ಟರಲ್ಲಿ ವೇಗ ನೂರಿಪ್ಪತ್ತರ ಬಳಿ ಇರುತ್ತದೆ. ಆ ವೇಗದಲ್ಲಿ ಎರಡು ಸೆಕೆಂಡು ಲ್ಯಾಪ್‌ಟಾಪಿನ ಕಡೆ ನೋಡಿದರೆ ಕಾರು 66 ಮೀಟರು ಕುರುಡಾಗಿ ಓಡಿರುತ್ತದೆ.

ಇದನ್ನು ಹೇಳಿದಾಗ ಶಿಷ್ಯ ಸುಮ್ಮನಾದ. ಆಮೇಲೆ ಚಹಾ ತರಿಸಿ, ಹುಡುಗರನ್ನು ಹೊರಗೆ ಕಳಿಸಿ, ತಾನು ರೋಲರಿಗೆ ದುಡ್ಡು ಸುರಿಯಲು ತೊಡಗಿದ ಕಾರಣ ಹೇಳಿದ. ಹನ್ನೆರಡು ವರ್ಷದ ಹಿಂದೆ ಅವನೂ ರಸ್ತೆಯವನೇ. ಒಂದು ದಿನ ಬೆಳಗಿನ ಜಾವ, ಇನ್ನೂ ಮಬ್ಬುಗತ್ತಲು, ಮಾಗಡಿ ಕಡೆಯ ರಸ್ತೆಯಲ್ಲಿ ತಾನೇ ಓಡಿಸುತ್ತ ತಾನೇ ಪರದೆ ನೋಡುತ್ತಿದ್ದಾನೆ. ಕಣ್ಣೆತ್ತಿದರೆ ಪಕ್ಕದ ಕಾಲುದಾರಿಯಿಂದ ಎರಡು ಕ್ಯಾನು ನೇತುಹಾಕಿದ ಮೊಪೆಡ್ಡು ಡೈರಿಗೆ ಹೊರಟು ರಸ್ತೆಯ ನಡುವಿಗೇ ಬಂದಿದೆ. ಹೇಗೆ ತಪ್ಪಿತೋ ತಿಳಿಯದು. ಕನ್ನಡಿ ಕ್ಯಾನಿಗೆ ತಗುಲಿ ಹಾಲೆಲ್ಲ ರಸ್ತೆಯ ಪಾಲಾಯಿತು, ಮನುಷ್ಯನಿಗೆ ತರಚು ಗಾಯ ಮಾತ್ರ. "ಹಾಲಿನ ದುಡ್ಡು ಕೊಟ್ಟೆ ಸಾರ್, ತಗೊಂಡ. ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಚೆಲ್ಲಿದ ಹಾಲಿನ ಪಕ್ಕದಲ್ಲೇ ಕೂತ್ಕೊಂಡು ನನ್ನ ಲ್ಯಾಪ್‌ಟಾಪ್ ನೋಡ್ತಾ ಇದ್ದ. ಅದೇನು ಅಂತ ಕೇಳಿದ. ನನಗೆ ಹೇಳಕ್ಕಾಗಲಿಲ್ಲ."

ಅಳಿಯ ತಲೆ ತಗ್ಗಿಸಿದ್ದನ್ನು ಕಂಡೆ. ನಾನು ಆಡಬೇಕೆಂದು ಕಟ್ಟಿಕೊಂಡು ಹೋಗಿದ್ದ ಬುದ್ಧಿಮಾತುಗಳೆಲ್ಲ ಚೀಲದಲ್ಲೇ ಉಳಿದವು. ಕಾನೂನಿನ ಎರಡು ಮಾತು ಮಾತ್ರ ಹೇಳಿದೆ: 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಅಪಾಯಕರ ಚಾಲನೆಗೆ, 52ನೆಯದು ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದಕ್ಕೆ. ಈ ಎರಡನೆಯದರ ಬಗ್ಗೆ ನನಗೂ ಅಳಿಯನಿಗೂ ಇನ್ನೂ ಒಮ್ಮತವಿಲ್ಲ. 105 ಸಾಲದೆ ಹೋದದ್ದು ಏಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಹಾಗೆಂದು ರಸ್ತೆಯನ್ನು ಪೂರ್ತಿ ಬಿಡುವಂತಿಲ್ಲ ಎಂದವನೂ ಶಿಷ್ಯನೇ. ಮರುದಿನ ಭಾನುವಾರ ಬಿಸಿಲೇರಿದ ಮೇಲೆ ಮೂವರೂ ಕಲ್ಯಕ್ಕೆ ಹೊರಟೆವು. ಅಳಿಯ ಚಾಲಕ, ಶಿಷ್ಯ ಪಕ್ಕದಲ್ಲಿ, ಹಿಂದೆ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು. ಅರವತ್ತು ದಾಟಬಾರದೆಂಬುದು ನನ್ನ ಷರತ್ತು. ಸಾವನದುರ್ಗದ ಬಂಡೆ ಕಾಣಿಸುವಷ್ಟರಲ್ಲಿ ನನಗೆ ಪರದೆಯ ಗೆರೆಗಳು ಓದಲು ಬಂದವು. ಶೆಡ್ಡಿನಲ್ಲಿ 58 ಡಿಗ್ರಿ ಇದ್ದ ಒಳಗಾಳಿ ಇಲ್ಲಿ 41 ಮಾತ್ರ; ಅಳಿಯ ಹೇಳಿದ್ದು ನಿಜವೇ. ಮಾಗಡಿ ದಾಟಿ ಊರಿನ ಕಡೆಯ ಒಂದು ಏರಿನಲ್ಲಿ, ಎತ್ತಿನ ಗಾಡಿಯ ಹಿಂದೆ ನಿಧಾನಿಸಿ ಮತ್ತೆ ವೇಗ ಹೆಚ್ಚಿಸುವಾಗ, ಕಾರು ಒಂದು ಕ್ಷಣ ಬಿಕ್ಕಿದಂತೆ ತಡೆದು ಮುಂದೆ ಹೋಯಿತು. ಪರದೆಯಲ್ಲಿ ಪೆಟ್ರೋಲಿನ ಗೆರೆ ಒಂದು ಕುಣಿ ಬಿದ್ದಿತ್ತು. ಪೆಡಲನ್ನು ಥಟ್ಟನೆ ಒತ್ತಿದಾಗ ಗಾಳಿ ಮೊದಲು ನುಗ್ಗುತ್ತದೆ. ಪೆಟ್ರೋಲು ಆ ಕ್ಷಣಕ್ಕೆ ತುಸು ಹೆಚ್ಚು ಸಿಗದಿದ್ದರೆ ಹೀಗಾಗುತ್ತದಂತೆ. ರೋಲರಿನ ಮೇಲೆ ಎಲ್ಲವನ್ನೂ ಸ್ಥಿರವಾಗಿ ಹಿಡಿದು ನೋಡಿದ್ದರಿಂದಲೇ ಅದು ಕಣ್ಣಿಗೆ ಬಿದ್ದಿರಲಿಲ್ಲ. ಹುಣಸೆ ಮರದಡಿ ನಿಲ್ಲಿಸಿ ತಿದ್ದಿದ. ಅದೇ ಏರನ್ನು ಏಳು ಸಲ ಹತ್ತಿದೆವು. ಗಾಡಿಯವನು ನಮ್ಮನ್ನು ಏನೆಂದುಕೊಂಡನೋ.

ಬಿ.ಎಡ್. ಓದುವಾಗ ಮೌಲ್ಯಮಾಪನದ ಪತ್ರಿಕೆಯಲ್ಲಿ ಎರಡು ಪದಗಳನ್ನು ಉರುಹೊಡೆದಿದ್ದೆ: ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಮತ್ತೆ ಮತ್ತೆ ಅಳೆದಾಗ ಒಂದೇ ಫಲ ಬಂದರೆ ಆ ಪರೀಕ್ಷೆ ವಿಶ್ವಸನೀಯ. ಯಾವುದನ್ನು ಅಳೆಯಬೇಕೋ ಅದನ್ನೇ ಅಳೆದರೆ ಅದು ಸಪ್ರಮಾಣ. ಮೂವತ್ತು ಚಿಲ್ಲರೆ ವರ್ಷ ಪ್ರಶ್ನೆಪತ್ರಿಕೆ ತೆಗೆದೂ ಇವೆರಡರ ಅಂತರ ನನ್ನ ಎಲುಬಿಗೆ ಇಳಿದದ್ದು ಆ ಏರಿನಲ್ಲಿ. ರೋಲರು ವಿಶ್ವಸನೀಯ. ರಸ್ತೆ ಸಪ್ರಮಾಣ. ಕಾರನ್ನು ಮುರಿಯಬಲ್ಲ, ಜೀವ ತೆಗೆಯಬಲ್ಲ ಪೂರ್ಣ ಹೊರೆಯ ಕೆಲಸವನ್ನೆಲ್ಲ ಮೊದಲು ರೋಲರಿನ ಮೇಲೆ ಮುಗಿಸಬೇಕು. ರಸ್ತೆಗೆ ಬಿಡಬೇಕಾದದ್ದು ನಿಧಾನಗತಿಯ, ಬಿಕ್ಕಿನ, ಏರಿನ, ಚಳಿಯಲ್ಲಿ ಚಾಲೂ ಆಗುವ ಕೆಲಸ ಮಾತ್ರ. ರಸ್ತೆಯಲ್ಲಿ ಅಶ್ವಶಕ್ತಿ ಹುಡುಕುವುದು, ರೋಲರಿನಲ್ಲಿ ನಡೆನುಡಿ ಹುಡುಕುವುದು ಎರಡೂ ತಪ್ಪು. ಅಂಕೆಯನ್ನು ಊರೆಲ್ಲ ಸಾರುವುದೂ ತಪ್ಪು. ಅದೇ ರೋಲರಿನಲ್ಲಿ ನಿನ್ನೆಗೂ ಇಂದಿಗೂ ಹೋಲಿಸಲು ಮಾತ್ರ ಅದು ಬೇಕು.

ಈಗ ಅಳುಕಿನ ಕಾರಣ. 1995ನೆಯ ಇಸವಿ, ಹತ್ತನೆಯ ತರಗತಿ. ನೀರು ತುಂಬಿದ ಗಾಜಿನ ಕೊಳವೆಯ ಬಾಯಿಗೆ ಶ್ರುತಿಕವೆ ಹಿಡಿದು, ನೀರಿನ ಮಟ್ಟ ಇಳಿಸುತ್ತ ಹೋಗಿ, ಸದ್ದು ತುಂಬಿ ಬರುವ ಜಾಗ ಗುರುತಿಸುವ ಪ್ರಯೋಗ. ಪಠ್ಯದಲ್ಲಿ ಅಷ್ಟೇನೂ ಇರಲಿಲ್ಲ, ಉತ್ಸಾಹದಿಂದ ನಾನೇ ಮಾಡಿಸುತ್ತಿದ್ದೆ. ಮೂರು ಸಲ ಅಳೆದು, ಕೋಷ್ಟಕ ಬರೆದು, ಸರಾಸರಿ ತೆಗೆಯಬೇಕು. ಈ ಹುಡುಗ ಕೋಷ್ಟಕವಿಲ್ಲದೆ '16 ಸೆಂಟಿಮೀಟರ್' ಎಂದು ಒಂದೇ ಸಾಲು ಬರೆದಿದ್ದ. 512 ಕಂಪನದ ಕವೆಗೆ ಅದು ಸರಿಯುತ್ತರ. "ಯಾರದ್ದು ನೋಡಿ ಬರೆದೆಯೋ?" ಎಂದು ಎಲ್ಲರ ಮುಂದೆ ಕೇಳಿದೆ. "ಕೇಳಿಸ್ತು ಸಾರ್" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಹತ್ತಕ್ಕೆ ಎರಡು ಅಂಕ ಕೊಟ್ಟೆ. ಅದರಿಂದ ಅವನು ನಪಾಸಾದನೆಂದಲ್ಲ, ಆ ಅಂಕ ಎಲ್ಲಿಗೂ ಸೇರುತ್ತಿರಲಿಲ್ಲ. ಆದರೆ ಆ ವರ್ಷ ಎರಡು ವಿಷಯದಲ್ಲಿ ಹೋಯಿತು. ಮರುಪರೀಕ್ಷೆ ಕಟ್ಟಲು ಬರಲೇ ಇಲ್ಲ. ಗ್ಯಾರೇಜಿಗೆ ಸೇರಿದನೆಂದು ಯಾರೋ ಹೇಳಿದರು. ನಾನು ಹುಡುಕಿಕೊಂಡು ಹೋಗಲಿಲ್ಲ.

ಹುಣಸೆ ಮರದಡಿ, ಅಳಿಯ ಎಳನೀರು ತರಲು ಹೋಗಿದ್ದಾಗ, ಇದನ್ನು ಅವನಿಗೆ ನೆನಪಿಸಿ ತಪ್ಪೊಪ್ಪಿಕೊಂಡೆ. ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ನಕ್ಕ. "ಅಯ್ಯೋ ಸಾರ್, ಅದನ್ನ ಇನ್ನೂ ಇಟ್ಕೊಂಡಿದೀರಾ? ಆವತ್ತು ಪಕ್ಕದವನದ್ದು ನೋಡೇ ಬರೆದಿದ್ದೆ."

ಹೇಳುತ್ತಿರುವುದು ನಿಜವೋ, ಮೇಷ್ಟರ ಭಾರ ಇಳಿಸಲು ಕಟ್ಟಿದ ಮಾತೋ ನನಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಅವರಿಬ್ಬರೂ ಮದರಾಸಿನ ಬಳಿಯ ಇರುಂಗಾಟುಕೋಟೆಯ ರೇಸ್ ಹಾದಿಗೆ ಹೋಗಲಿದ್ದಾರೆ. ಸಮುದ್ರಮಟ್ಟದ ದಟ್ಟಗಾಳಿಯಲ್ಲಿ ಸಂಖ್ಯೆಗಳನ್ನು ಮತ್ತೆ ನೋಡಬೇಕಂತೆ. ನನ್ನನ್ನೂ ಕರೆದಿದ್ದಾರೆ. ತಂಗಿಗೆ ಹೇಳಿದ್ದೇನೆ, ಅವಳು ಚಕ್ಕುಲಿ ಮಾಡಿಕೊಡುತ್ತಾಳಂತೆ. ಅಷ್ಟರಲ್ಲಿ, 1995ರಲ್ಲಿ ಕಿಟಕಿಯ ಕಡೆಯಿಂದ ಮೂರನೆಯ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದವನು ಇದನ್ನು ಓದುತ್ತಿದ್ದರೆ, ಆ ದಿನ ನೀನು ಎಷ್ಟು ಸೆಂಟಿಮೀಟರ್ ಬರೆದಿದ್ದೆಯೆಂದು ದಯಮಾಡಿ ಎರಡು ಸಾಲು ತಿಳಿಸು. ಬೈಯುವುದಿಲ್ಲ.